ಆ ವಾಲ್ವ್ ಕಿತ್ತು ಬಿಸಾಡಬೇಡಿ

ಗೌರಿಬಿದನೂರು, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ. ಮಧುಗಿರಿ ಕಡೆಯಿಂದ ಬಂದು ಮುಳಬಾಗಿಲಿನತ್ತ ಹೋಗುವ ರಾಷ್ಟ್ರೀಯ ಹೆದ್ದಾರಿ 69 ಈ ನಾಲ್ಕೂ ಊರುಗಳನ್ನು ಮುಟ್ಟಿಕೊಂಡೇ ಸಾಗುತ್ತದೆ. ಬೆಳಗಿನ ಜಾವ ಈ ರಸ್ತೆಯ ಬದಿಯಲ್ಲಿ ನಿಂತರೆ ಚಿಕ್ಕಬಳ್ಳಾಪುರ ಜಿಲ್ಲೆಯ ದುಡಿಮೆಯೆಲ್ಲ ಕಣ್ಣೆದುರೇ ಓಡುತ್ತಿರುತ್ತದೆ. ಚಿಂತಾಮಣಿ ಮಾರುಕಟ್ಟೆಗೆ ಟೊಮೆಟೊ, ಚಿಕ್ಕಬಳ್ಳಾಪುರಕ್ಕೆ ಸೇವಂತಿಗೆ, ಗುಲಾಬಿ, ದ್ರಾಕ್ಷಿ, ಶಿಡ್ಲಘಟ್ಟಕ್ಕೆ ರೇಷ್ಮೆಗೂಡು, ಗೌರಿಬಿದನೂರು ಕಡೆಯಿಂದ ಮುಸುಕಿನ ಜೋಳ. ಇವನ್ನೆಲ್ಲ ಹೊರುವುದು ಹೆಚ್ಚಾಗಿ ಪಿಕಪ್‌ಗಳು: ಬೊಲೆರೊ, ದೋಸ್ತ್, ಏಸ್, ಯೋಧ. ಒಂದು ಗಾಡಿ ಒಂದು ದಿನ ಗ್ಯಾರೇಜಿನಲ್ಲಿ ನಿಂತರೆ ಮಾಲೀಕನಿಗೆ ಬಾಡಿಗೆ ತಪ್ಪುತ್ತದೆ, ಅದಕ್ಕಿಂತ ಹೆಚ್ಚಾಗಿ ಯಾರದೋ ತೋಟದ ಹಣ್ಣು ಕೊಳೆಯುತ್ತದೆ.

ಬೇಸಿಗೆ ಬಂತೆಂದರೆ ಈ ಗಾಡಿಗಳ ಚಾಲಕರದು ಒಂದೇ ದೂರು: ‘ಗಾಡಿ ಹೀಟ್ ಆಗ್ತಿದೆ.’ ಅದಕ್ಕೆ ಬಹಳಷ್ಟು ಗ್ಯಾರೇಜುಗಳಲ್ಲಿ ಸಿಗುವ ಸುಲಭದ ಮದ್ದೂ ಒಂದೇ. ‘ವಾಲ್ವ್ ತೆಗೆದ್‌ಬಿಡೋಣ ಬಿಡಣ್ಣ, ನೀರು ಸಲೀಸಾಗಿ ಓಡಾಡ್ಲಿ.’ ಇಲ್ಲಿ ವಾಲ್ವ್ ಎಂದರೆ ಎಂಜಿನ್ನಿನಿಂದ ರೇಡಿಯೇಟರ್‌ಗೆ ಹೋಗುವ ಪೈಪಿನ ಬುಡದಲ್ಲಿ ಕೂತಿರುವ ಥರ್ಮೋಸ್ಟಾಟ್. ಎರಡೋ ಮೂರೋ ಬೋಲ್ಟ್ ಬಿಚ್ಚಿದರೆ ಅದು ಕೈಗೆ ಬರುತ್ತದೆ. ತೆಗೆದು ಮೂಲೆಗೆ ಎಸೆದು, ಗ್ಯಾಸ್ಕೆಟ್ ಹಾಕಿ ಮುಚ್ಚಿದರೆ ಕೆಲಸ ಮುಗಿಯಿತು. ಗಾಡಿ ಎರಡು ದಿನ ತಣ್ಣಗೆ ಓಡಿದಂತೆ ಕಾಣುತ್ತದೆ, ಚಾಲಕನಿಗೂ ಸಮಾಧಾನ.

ಅತ್ತ ಅಮೆರಿಕದಲ್ಲಿ ದೊಡ್ಡ ಆಟೊಮ್ಯಾಟಿಕ್ ಪಿಕಪ್ ಇಟ್ಟುಕೊಂಡವರಲ್ಲಿ ಹಲವರು ಇದೇ ಕೆಲಸವನ್ನು ಬೇರೊಂದು ಕಡೆ ಮಾಡುತ್ತಿದ್ದಾರೆ. ಅವರ ಗಾಡಿಗಳಲ್ಲಿ ಗೇರ್‌ಬಾಕ್ಸಿನ ಎಣ್ಣೆಯನ್ನು ತಣಿಸಲು ಬೇರೆಯೇ ಕೂಲರ್ ಇದೆ. ಎಣ್ಣೆ ಸಾಕಷ್ಟು ಕಾಯುವವರೆಗೆ ಅದನ್ನು ಕೂಲರ್‌ಗೆ ಬಿಡದೆ ಹಾಗೇ ವಾಪಸು ಕಳಿಸುವ ಬೈಪಾಸ್ ವಾಲ್ವೂ ಇದೆ. ಅದನ್ನು ಕಿತ್ತು, ಎಣ್ಣೆ ಯಾವಾಗಲೂ ಕೂಲರ್ ಮೂಲಕವೇ ಹರಿಯುವಂತೆ ಮಾಡಿಕೊಳ್ಳುತ್ತಾರೆ. ದಾರಿಗೆ ಅಡ್ಡ ನಿಂತಂತೆ ಕಾಣುವ ವಾಲ್ವ್ ಮೇಲೆಯೇ ಎರಡೂ ಕಡೆಯವರಿಗೆ ಕೋಪ. ನನ್ನ ಮಟ್ಟಿಗೆ ಅಮೆರಿಕದವರ ಕೋಪದಲ್ಲಿ ಅರ್ಧ ನ್ಯಾಯವಿದೆ. ನಮ್ಮವರು ಥರ್ಮೋಸ್ಟಾಟ್ ಕೀಳುವುದರಲ್ಲಿ ಅಷ್ಟೂ ಇಲ್ಲ. ಯಾಕೆಂದು ತಿಳಿಯಲು ಗಾಡಿಯಲ್ಲಿ ಶಾಖ ಹುಟ್ಟುವುದೆಲ್ಲಿ, ಹೋಗುವುದೆಲ್ಲಿಗೆ ಎಂಬುದನ್ನು ನೋಡಬೇಕು.

ಜಾರಿದಲ್ಲಿ ಬಿಸಿ

ಗೌರಿಬಿದನೂರು ಉತ್ತರ ಪಿನಾಕಿನಿಯ ಬಯಲಲ್ಲಿ, ಸಮುದ್ರಮಟ್ಟದಿಂದ ಸುಮಾರು 690 ಮೀಟರ್ ಎತ್ತರದಲ್ಲಿದೆ. ಚಿಕ್ಕಬಳ್ಳಾಪುರ ಸುಮಾರು 915 ಮೀಟರ್‌ನಲ್ಲಿದೆ. ಅಂದರೆ ಜೋಳ ತುಂಬಿಕೊಂಡು ಮಂಚೇನಹಳ್ಳಿ ದಾಟಿ ಬರುವ ಗಾಡಿ ಇನ್ನೂರು ಮೀಟರ್‌ಗಿಂತ ಹೆಚ್ಚು ಮೇಲೇರಬೇಕು. ಗಾಡಿ, ಸರಕು ಸೇರಿ ಮೂರು ಟನ್ ಎಂದಿಟ್ಟುಕೊಂಡು ಲೆಕ್ಕ ಹಾಕಿದರೆ, ಅಷ್ಟನ್ನು ಇನ್ನೂರು ಮೀಟರ್ ಎತ್ತಲು ಸುಮಾರು 1.6 ಯೂನಿಟ್ ಶಕ್ತಿ ಬೇಕು. ಡೀಸೆಲ್ ಎಂಜಿನ್ನಿನಲ್ಲಿ ಉರಿದ ಎಣ್ಣೆಯ ಶಕ್ತಿಯಲ್ಲಿ ಅಂದಾಜು ಮೂರನೇ ಒಂದು ಪಾಲು ಮಾತ್ರ ಚಕ್ರದ ಕಡೆ ಹೋಗುತ್ತದೆ. ಇನ್ನೊಂದು ಪಾಲು ಸೈಲೆನ್ಸರ್ ಮೂಲಕ ಹೊಗೆಯೊಂದಿಗೆ ಹೊರಬೀಳುತ್ತದೆ, ಮತ್ತೊಂದು ಪಾಲು ಎಂಜಿನ್ ಸುತ್ತಲಿನ ನೀರಿಗೆ ಸೇರುತ್ತದೆ. ಆದ್ದರಿಂದ ಏರು ಹತ್ತಿಸಲು ಎಷ್ಟು ಶಕ್ತಿ ಬೇಕೋ ಹೆಚ್ಚುಕಡಿಮೆ ಅಷ್ಟೇ ಶಾಖವನ್ನು ರೇಡಿಯೇಟರ್ ಹೊರಗೆ ಹಾಕಬೇಕು. ಅದೂ ಗಾಡಿ ಎರಡನೇ ಗೇರಿನಲ್ಲಿ ನಿಧಾನವಾಗಿ ತೆವಳುತ್ತಾ, ಎದುರು ಗಾಳಿಯೇ ಇಲ್ಲದ ಹೊತ್ತಿನಲ್ಲಿ.

ಇದು ಎಂಜಿನ್ನಿನ ಮಾತು. ಗೇರ್‌ಬಾಕ್ಸಿನ ಕಥೆ ಬೇರೆ. ಹಲ್ಲಿಗೆ ಹಲ್ಲು ಕಚ್ಚಿ ತಿರುಗುವ ಗೇರುಗಳಲ್ಲಿ ನಷ್ಟ ತೀರ ಕಡಿಮೆ. ಎಂಜಿನ್ 40 ಕಿಲೋವ್ಯಾಟ್ ಕೊಟ್ಟರೆ ಮ್ಯಾನ್ಯುಯಲ್ ಗೇರ್‌ಬಾಕ್ಸ್ ಒಂದು ಕಿಲೋವ್ಯಾಟ್ ಆಸುಪಾಸಿನಷ್ಟನ್ನು ಮಾತ್ರ ಬಿಸಿಯಾಗಿ ಕಳೆಯುತ್ತದೆ. ಒಳಗಿನ ಎಣ್ಣೆಯನ್ನು ಗೇರುಗಳೇ ಚಿಮ್ಮಿಸಿಕೊಂಡು ಮೈಗೆ ಹಚ್ಚಿಕೊಳ್ಳುತ್ತವೆ. ಹೊರಗಿನ ಲೋಹದ ಕವಚಕ್ಕೆ ಕೆಳಗಿನಿಂದ ಗಾಳಿ ತಾಗುತ್ತದೆ. ಅಷ್ಟು ಸಾಕು. ಅದಕ್ಕೇ ನಮ್ಮ ಬೊಲೆರೊ, ದೋಸ್ತ್, ಏಸ್‌ಗಳ ಗೇರ್‌ಬಾಕ್ಸಿಗೆ ಪಂಪ್ ಇಲ್ಲ, ಕೂಲರ್ ಇಲ್ಲ, ಬೈಪಾಸೂ ಇಲ್ಲ. ಯಾರಾದರೂ ನಿಮ್ಮ ಮ್ಯಾನ್ಯುಯಲ್ ಪಿಕಪ್ಪಿಗೆ ಗೇರ್ ಆಯಿಲ್ ಕೂಲರ್ ಹಾಕಿಸಿ ಎಂದರೆ ಕೈಮುಗಿದು ಎದ್ದು ಬನ್ನಿ.

ಮ್ಯಾನ್ಯುಯಲ್ ಗಾಡಿಯಲ್ಲಿ ಜಾರುವುದು ಕ್ಲಚ್ ಪ್ಲೇಟ್. ಏರಿನಲ್ಲಿ ಬ್ರೇಕ್ ಬದಲು ಹಾಫ್ ಕ್ಲಚ್ಚಿನಲ್ಲಿ ಗಾಡಿಯನ್ನು ಹಿಡಿದು ನಿಲ್ಲಿಸಿದಾಗ ಎಂಜಿನ್ನಿನ ಶಕ್ತಿಯೆಲ್ಲ ಆ ಪ್ಲೇಟಿನ ಮುಖದಲ್ಲೇ ಶಾಖವಾಗುತ್ತದೆ. ನಂದಿಬೆಟ್ಟದ ತಿರುವುಗಳಲ್ಲಿ ಭಾನುವಾರ ಬೆಳಿಗ್ಗೆ ಸಾಲುಗಟ್ಟಿ ನಿಲ್ಲುವ ಗಾಡಿಗಳ ನಡುವೆ ಮೂಗಿಗೆ ಬಡಿಯುವ ಸುಟ್ಟ ವಾಸನೆ ಅದೇ. ಆಟೊಮ್ಯಾಟಿಕ್ ಗಾಡಿಯಲ್ಲಿ ಪ್ಲೇಟಿನ ಬದಲು ಎಣ್ಣೆ ಜಾರುತ್ತದೆ. ಶಾಖವೂ ಎಣ್ಣೆಯಲ್ಲೇ ಹುಟ್ಟುತ್ತದೆ. ಎರಡಕ್ಕೂ ಇರುವ ಮುಖ್ಯ ವ್ಯತ್ಯಾಸ ಇಷ್ಟೇ, ಕೂಲರ್ ಯಾಕೆ ಬೇಕಾಯಿತು ಎಂಬುದಕ್ಕೆ ಉತ್ತರವೂ ಇದೇ.

ನಮ್ಮೂರಿನ ಟಾರ್ಕ್ ಕನ್ವರ್ಟರ್

ಆಟೊಮ್ಯಾಟಿಕ್ ಪಿಕಪ್ ನಮ್ಮ ಕಡೆ ಅಪರೂಪ. ಇಸುಜು ವಿ-ಕ್ರಾಸ್, 2022ರಲ್ಲಿ ಭಾರತಕ್ಕೆ ಬಂದ ಟೊಯೋಟಾ ಹೈಲಕ್ಸ್ ಇವುಗಳಲ್ಲಿ ಆರು ಗೇರಿನ ಆಟೊಮ್ಯಾಟಿಕ್ ಮಾದರಿಗಳಿವೆ. ತೋಟದ ಮನೆ ಕಟ್ಟಿಕೊಂಡವರ ಅಂಗಳದಲ್ಲಿ ಅಲ್ಲೊಂದು ಇಲ್ಲೊಂದು ಕಾಣುತ್ತವೆ. ಆದರೆ ಅವುಗಳ ಹೊಟ್ಟೆಯಲ್ಲಿರುವ ಟಾರ್ಕ್ ಕನ್ವರ್ಟರ್ ನಮಗೆ ಹೊಸದಲ್ಲ. ಕೆರೆ ಹೂಳೆತ್ತಲು, ಜಮೀನು ಮಟ್ಟ ಮಾಡಲು, ಲೇಔಟ್ ಮಾಡಲು ಹಳ್ಳಿಹಳ್ಳಿಗೂ ಬರುವ ಜೆಸಿಬಿಯಲ್ಲಿ ಅದು ಬಹಳ ಕಾಲದಿಂದ ಇದೆ, ಜೊತೆಗೆ ಟ್ರಾನ್ಸ್‌ಮಿಷನ್ ಎಣ್ಣೆಯ ಕೂಲರೂ ಇದೆ. ಪಟ್ಟಣದ ಸಣ್ಣ ಕಾರುಗಳಲ್ಲಿ ‘ಆಟೊಮ್ಯಾಟಿಕ್’ ಎಂದು ಮಾರುವ ಎಎಂಟಿ ಬೇರೆ. ಅದು ಮಾಮೂಲಿ ಗೇರ್‌ಬಾಕ್ಸೇ, ಕ್ಲಚ್ ಒತ್ತಿ ಗೇರ್ ಬದಲಿಸುವ ಕೆಲಸವನ್ನು ಮಾತ್ರ ಯಂತ್ರ ಮಾಡುತ್ತದೆ. ಅದಕ್ಕೆ ಈ ಕೂಲರ್ ಲೆಕ್ಕ ಅನ್ವಯಿಸುವುದಿಲ್ಲ.

ಟಾರ್ಕ್ ಕನ್ವರ್ಟರ್‌ನ ಮೂಲ ಹಡಗಿನದು. ಜರ್ಮನಿಯ ಹರ್ಮನ್ ಫಾಟಿಂಗರ್ ಎಂಬ ಎಂಜಿನಿಯರ್ 1905ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಎಣ್ಣೆ ತುಂಬಿದ ಒಂದು ಡಬ್ಬಿಯೊಳಗೆ ಎದುರುಬದುರಾಗಿ ರೆಕ್ಕೆಗಳಿರುವ ಎರಡು ಚಕ್ರಗಳು. ಒಂದನ್ನು ಎಂಜಿನ್ ತಿರುಗಿಸುತ್ತದೆ. ಅದು ಎಣ್ಣೆಯನ್ನು ಎರಚಿ ಇನ್ನೊಂದನ್ನು ತಿರುಗಿಸುತ್ತದೆ. ನಡುವೆ ನಿಂತ ಮೂರನೇ ಚಕ್ರ ಎಣ್ಣೆಯ ಹರಿವನ್ನು ತಿರುಗಿಸಿ ಬಲ ಹೆಚ್ಚಿಸುತ್ತದೆ. ಎರಡು ಚಕ್ರಗಳಿಗೂ ಲೋಹದ ಸಂಬಂಧವಿಲ್ಲ, ಇರುವುದು ಎಣ್ಣೆಯೊಂದೇ. ಅದಕ್ಕೇ ಗಾಡಿ ನಿಂತರೂ ಎಂಜಿನ್ ಆಫ್ ಆಗುವುದಿಲ್ಲ. ಅದಕ್ಕೇ ಎಣ್ಣೆ ಕಾಯುತ್ತದೆ ಕೂಡ.

ಜೆಸಿಬಿ ಬಕೆಟ್ಟನ್ನು ಮಣ್ಣಿನ ಗುಡ್ಡೆಗೆ ಒತ್ತಿ ಚಕ್ರ ತಿರುಗದೆ ನಿಂತು ಗುಟುರು ಹಾಕುವುದನ್ನು ನೋಡಿರುತ್ತೀರಿ. ಆ ಕ್ಷಣದಲ್ಲಿ ಎಂಜಿನ್ ಕನ್ವರ್ಟರ್‌ಗೆ ಕೊಟ್ಟ ಶಕ್ತಿ ಪೂರ್ತಿಯಾಗಿ ಎಣ್ಣೆಯ ಶಾಖವಾಗುತ್ತಿರುತ್ತದೆ. ಅನುಭವಿ ಆಪರೇಟರ್ ಹಾಗೆ ಬಹಳ ಹೊತ್ತು ಒತ್ತಿ ಹಿಡಿಯುವುದಿಲ್ಲ. ಒತ್ತುತ್ತಾನೆ, ಹಿಂದೆ ಬರುತ್ತಾನೆ, ಮತ್ತೆ ಒತ್ತುತ್ತಾನೆ. ಆಟೊಮ್ಯಾಟಿಕ್ ಪಿಕಪ್ ಲೋಡ್ ಹಾಕಿಕೊಂಡು ಏರು ಹತ್ತುವಾಗ ಅದೇ ಕೆಲಸ ಸಣ್ಣ ಪ್ರಮಾಣದಲ್ಲಿ ನಡೆಯುತ್ತದೆ. ಕನ್ವರ್ಟರ್ ನೂರಕ್ಕೆ ಎಂಬತ್ತೈದರಷ್ಟು ದಕ್ಷತೆಯಲ್ಲಿ ಓಡುತ್ತಿದ್ದರೂ 40 ಕಿಲೋವ್ಯಾಟಿನಲ್ಲಿ 6 ಕಿಲೋವ್ಯಾಟ್ ಎಣ್ಣೆಗೇ ಹೋಯಿತು, ಅಂದರೆ ಮನೆಯ ಮೂರು ಗೀಸರ್‌ಗಳನ್ನು ಗೇರ್‌ಬಾಕ್ಸಿನೊಳಗೆ ಹೊತ್ತಿಸಿಟ್ಟಂತೆ. ಸಮತಟ್ಟು ರಸ್ತೆಯಲ್ಲಿ ವೇಗ ಹಿಡಿದಾಗ ಒಳಗಿನ ಲಾಕಪ್ ಕ್ಲಚ್ ಎರಡು ಚಕ್ರಗಳನ್ನೂ ಕಚ್ಚಿ ಹಿಡಿಯುತ್ತದೆ. ಜಾರುವಿಕೆ ನಿಲ್ಲುತ್ತದೆ, ಬಿಸಿಯೂ ತಗ್ಗುತ್ತದೆ. ಆದ್ದರಿಂದ ಆಟೊಮ್ಯಾಟಿಕ್ ಓಡಿಸುವವರು ಏರಿನಲ್ಲಿ ‘ಡಿ’ಯಲ್ಲೇ ಬಿಟ್ಟು ಆಕ್ಸಿಲರೇಟರ್ ಒತ್ತುತ್ತಾ ಇರುವುದಕ್ಕಿಂತ ಕೈಯಿಂದ ಕೆಳಗಿನ ಗೇರಿಗೆ ಇಳಿಸಿಕೊಳ್ಳುವುದು ಒಳ್ಳೆಯದು. ಎಂಜಿನ್ ಸುತ್ತು ಹೆಚ್ಚುತ್ತದೆ, ಪಂಪ್ ಹೆಚ್ಚು ಎಣ್ಣೆ ಓಡಿಸುತ್ತದೆ, ಲಾಕಪ್ ಹಿಡಿಯುವ ಸಂಭವವೂ ಹೆಚ್ಚು.

ಎಣ್ಣೆಗೂ ಒಂದು ಹದ

ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಕೆಂಪು ಎಣ್ಣೆ ಬರೀ ಜಾರುಕವಲ್ಲ. ಅದೇ ಬಲ ಸಾಗಿಸುತ್ತದೆ, ಅದೇ ಒತ್ತಡ ಕೊಟ್ಟು ಗೇರ್ ಬದಲಿಸುತ್ತದೆ, ಅದೇ ಒಳಗಿನ ಕ್ಲಚ್‌ಗಳನ್ನು ತಣಿಸುತ್ತದೆ. ಅದಕ್ಕೆ ಹಿತವಾದ ಉಷ್ಣತೆ ಸುಮಾರು 80ರಿಂದ 95 ಡಿಗ್ರಿ ಸೆಲ್ಸಿಯಸ್. ಅದಕ್ಕಿಂತ ಮೇಲೆ ಪ್ರತಿ ಹತ್ತು ಡಿಗ್ರಿಗೆ ಎಣ್ಣೆಯ ಆಯಸ್ಸು ಅರ್ಧವಾಗುತ್ತದೆ ಎಂಬುದು ಈ ಕಸುಬಿನ ಹಳೆಯ ಅಂದಾಜು. ಇಂದಿನ ಸಿಂಥೆಟಿಕ್ ಎಣ್ಣೆಗಳು ಇನ್ನಷ್ಟು ತಡೆಯುತ್ತವೆ, ಆದರೂ ದಿಕ್ಕು ಅದೇ. 120 ದಾಟಿದ ಮೇಲೆ ಎಣ್ಣೆ ಒಡೆದು ವಾರ್ನಿಷ್‌ನಂಥ ಪದರ ಕಟ್ಟುತ್ತದೆ, ರಬ್ಬರ್ ಸೀಲುಗಳು ಬಿರುಸಾಗುತ್ತವೆ, ಕ್ಲಚ್‌ಗಳು ಜಾರತೊಡಗುತ್ತವೆ. ಜಾರಿದರೆ ಇನ್ನಷ್ಟು ಬಿಸಿ. ಕೆಂಪು ಎಣ್ಣೆ ಕಂದಾಗಿ ಸುಟ್ಟ ವಾಸನೆ ಬಂದರೆ ಆ ಸುತ್ತು ಶುರುವಾಗಿ ಬಹಳ ದಿನವಾಗಿದೆ ಎಂದೇ ಅರ್ಥ.

ಬಿಸಿ ಕೆಟ್ಟದ್ದು ಸರಿ. ಆದರೆ ತಣ್ಣಗಿದ್ದಷ್ಟೂ ಒಳ್ಳೆಯದು ಎನ್ನುವುದು ತಪ್ಪು, ವಾಲ್ವ್ ಕೀಳುವವರು ಎಡವುವುದೂ ಇಲ್ಲಿಯೇ. ಡಿಸೆಂಬರ್ ಬೆಳಗಿನ ಜಾವ ನಂದಿಯ ಬುಡದಲ್ಲಿ ಮಂಜು ಕವಿದಾಗ ಎಣ್ಣೆ ದಪ್ಪಗಾಗಿ ಕೂತಿರುತ್ತದೆ. ಅದನ್ನು ಪಂಪ್ ಮಾಡಲು ಎಂಜಿನ್ ಹೆಚ್ಚು ಡೀಸೆಲ್ ಸುಡಬೇಕು. ಗೇರುಗಳು ತಡವಾಗಿ, ಧಕ್ಕೆಯೊಂದಿಗೆ ಬೀಳುತ್ತವೆ. ಎಣ್ಣೆ ಕಾಯುವವರೆಗೆ ಕಂಪ್ಯೂಟರ್ ಲಾಕಪ್ ಕ್ಲಚ್ಚನ್ನು ಹಿಡಿಯಲು ಬಿಡುವುದೇ ಇಲ್ಲ. ಒಳಗೆ ಕೂತ ತೇವ ಆವಿಯಾಗಿ ಹೋಗಲೂ ಎಣ್ಣೆ ಕಾಯಬೇಕು. ಹೀಗಾಗಿ ಕೂಲರ್ ಎಷ್ಟು ಮುಖ್ಯವೋ ಕೂಲರ್‌ಗೆ ಹೋಗುವ ಹೊತ್ತನ್ನು ನಿರ್ಧರಿಸುವ ವಾಲ್ವೂ ಅಷ್ಟೇ ಮುಖ್ಯ.

ಈ ಬೈಪಾಸ್ ವಾಲ್ವುಗಳಲ್ಲಿ ಎರಡು ಬಗೆ. ಒಂದು ಒತ್ತಡದ್ದು. ದಪ್ಪ ಎಣ್ಣೆ ಕೂಲರ್‌ನ ಸಣ್ಣ ಕೊಳವೆಗಳಲ್ಲಿ ನುಗ್ಗಲಾರದೆ ಒತ್ತಡ ಏರಿದಾಗ ಅದು ತೆರೆದು ಎಣ್ಣೆಯನ್ನು ನೇರ ಗೇರ್‌ಬಾಕ್ಸಿಗೆ ಬಿಡುತ್ತದೆ. ಕೂಲರ್ ಕಸದಿಂದ ಕಟ್ಟಿಕೊಂಡರೂ ಗೇರ್‌ಬಾಕ್ಸ್ ಎಣ್ಣೆಯಿಲ್ಲದೆ ಒಣಗುವುದಿಲ್ಲ. ಇನ್ನೊಂದು ಉಷ್ಣತೆಯದ್ದು. ಇದರೊಳಗೆ ಮೇಣ ತುಂಬಿದ ಸಣ್ಣ ಡಬ್ಬಿ ಇರುತ್ತದೆ. ಎಣ್ಣೆ ನಿಗದಿತ ಬಿಸಿಗೆ ಬಂದಾಗ ಮೇಣ ಕರಗಿ ಹಿಗ್ಗಿ, ಕಡ್ಡಿಯೊಂದನ್ನು ತಳ್ಳಿ, ಕೂಲರ್‌ನ ದಾರಿ ತೆರೆಯುತ್ತದೆ. ಅಮೆರಿಕದ ಕೆಲವು ಗಾಡಿಗಳಲ್ಲಿ ಡೀಸೆಲ್, ಪೆಟ್ರೋಲ್ ಉಳಿತಾಯಕ್ಕಾಗಿ ಈ ವಾಲ್ವ್ 90 ಡಿಗ್ರಿಯ ಸುಮಾರಿಗೆ ತೆರೆಯುವಂತೆ ಮಾಡಿದ್ದಾರೆ. ಮರುಭೂಮಿಯ ಬಿಸಿಲಲ್ಲಿ ಟ್ರೇಲರ್ ಎಳೆಯುವವನಿಗೆ ಅದು ತಡವಾಯಿತು ಅನ್ನಿಸುವುದು ಸಹಜ. ಅಂಥವರು ಇನ್ನೂ ಕಡಿಮೆ ಬಿಸಿಗೆ ತೆರೆಯುವ ವಾಲ್ವ್ ಹಾಕಿಕೊಂಡರೆ ನನ್ನ ತಕರಾರಿಲ್ಲ. ವಾಲ್ವೇ ಬೇಡ ಎಂದಾಗ ಮಾತ್ರ ತಕರಾರು.

ವಿ-ಕ್ರಾಸ್, ಹೈಲಕ್ಸ್ ಇಟ್ಟುಕೊಂಡು ಹೆಚ್ಚುವರಿ ಕೂಲರ್ ಹಾಕಿಸಬೇಕೆನ್ನುವವರಿಗೆ ಇಷ್ಟು ಹೇಳಬೇಕು. ವಾರಂಟಿ ಇರುವಾಗ ಕೈ ಹಾಕಬೇಡಿ. ಹಾಕಿಸಿದರೆ ಉಷ್ಣತೆಯ ಬೈಪಾಸ್ ಇರುವುದನ್ನೇ ಹಾಕಿಸಿ. ಎಣ್ಣೆಯ ಬಿಸಿ, ಒತ್ತಡ ತಡೆಯುವ ಪೈಪ್ ಬಳಸಿ, ಡೀಸೆಲ್ ಪೈಪ್ ಅಲ್ಲ. ಕೂಲರನ್ನು ರೇಡಿಯೇಟರ್‌ನ ರೆಕ್ಕೆಗಳ ನಡುವೆ ಪ್ಲಾಸ್ಟಿಕ್ ಪಟ್ಟಿ ತೂರಿಸಿ ಕಟ್ಟಿದರೆ ನಡುಗಿ ನಡುಗಿ ರೇಡಿಯೇಟರೇ ತೂತಾಗುತ್ತದೆ, ಚೌಕಟ್ಟಿಗೆ ಬ್ರಾಕೆಟ್ ಹಾಕಿ ಕೂರಿಸಬೇಕು. ರೇಡಿಯೇಟರ್‌ನ ಒಳಗೇ ಎಣ್ಣೆ ಕೂಲರ್ ಇರುವ ಗಾಡಿಗಳಲ್ಲಿ ಒಳಗೋಡೆ ಸೋರಿದರೆ ಕೂಲಂಟ್ ಗೇರ್ ಎಣ್ಣೆಗೆ ಸೇರಿ ಗುಲಾಬಿ ಬಣ್ಣದ ನೊರೆಯಾಗುತ್ತದೆ. ಹಾಗಾದರೆ ಗೇರ್‌ಬಾಕ್ಸ್ ಉಳಿಯುವುದು ಕಷ್ಟ. ಹಳೆಯ ಗಾಡಿಯಲ್ಲಿ ರೇಡಿಯೇಟರ್ ಬದಲಿಸುವಾಗ ಜಿಪುಣತನ ಬೇಡ. ಕೆಟ್ಟು ನಿಂತ ಆಟೊಮ್ಯಾಟಿಕ್ ಗಾಡಿಯನ್ನು ಹಗ್ಗ ಕಟ್ಟಿ ಎಳೆಯಲೂ ಬೇಡಿ. ಎಂಜಿನ್ ನಿಂತರೆ ಪಂಪ್ ನಿಂತಂತೆ, ಚಕ್ರ ತಿರುಗುತ್ತಿದ್ದರೂ ಒಳಗೆ ಎಣ್ಣೆ ಹರಿಯುವುದಿಲ್ಲ.

ಪಾತ್ರೆಯ ನೀರಿನಲ್ಲಿ ಒಂದು ಪರೀಕ್ಷೆ

ಈಗ ನಮ್ಮ ಜಿಲ್ಲೆಯ ನಿಜವಾದ ಸಮಸ್ಯೆಗೆ ಬರೋಣ. ಎಂಜಿನ್ನಿನ ಥರ್ಮೋಸ್ಟಾಟ್ ಕೆಲಸ ಮಾಡುವುದೂ ಅದೇ ಮೇಣದಿಂದ. 1930ರ ದಶಕದಲ್ಲಿ ಸರ್ಜಿಯಸ್ ವೆರ್ನೆ ಎಂಬ ಸಂಶೋಧಕ ರೂಪಿಸಿದ ಈ ಸಾಧನ ತಂತಿ, ಕರೆಂಟು, ಕಂಪ್ಯೂಟರ್ ಯಾವುದರ ಹಂಗೂ ಇಲ್ಲದೆ ಇಂದಿಗೂ ಕೋಟ್ಯಂತರ ಗಾಡಿಗಳಲ್ಲಿ ದುಡಿಯುತ್ತಿದೆ.

ಅದನ್ನು ಕಣ್ಣಾರೆ ನೋಡಲು ಕಷ್ಟವಿಲ್ಲ. ಗ್ಯಾರೇಜಿನಲ್ಲಿ ಬಿಚ್ಚಿದ ವಾಲ್ವನ್ನು ಮೂಲೆಗೆ ಎಸೆಯುವ ಮೊದಲು ಕೈಗೆ ತೆಗೆದುಕೊಳ್ಳಿ. ಹಿತ್ತಾಳೆ ಬಣ್ಣದ ತಟ್ಟೆ, ಅದರ ಕೆಳಗೆ ಸ್ಪ್ರಿಂಗ್, ನಡುವೆ ಹೆಬ್ಬೆರಳಿನ ತುದಿಯಷ್ಟು ಡಬ್ಬಿ. ಅಂಚಿನಲ್ಲಿ 82 ಎಂದೋ 88 ಎಂದೋ ಅಂಕಿ ಕೊರೆದಿರುತ್ತದೆ. ಅದು ತೆರೆಯಲು ಶುರುವಾಗುವ ಉಷ್ಣತೆ. ದಾರ ಕಟ್ಟಿ ಒಲೆಯ ಮೇಲಿನ ನೀರಿನ ಪಾತ್ರೆಯಲ್ಲಿ ತಳ ತಾಗದಂತೆ ಇಳಿಬಿಡಿ, ಪಕ್ಕದಲ್ಲಿ ಥರ್ಮಾಮೀಟರ್ ಹಿಡಿಯಿರಿ. 82ರ ವಾಲ್ವಾದರೆ 80ರವರೆಗೆ ಅಲುಗುವುದಿಲ್ಲ. ಎರಡು ಡಿಗ್ರಿ ದಾಟುತ್ತಿದ್ದಂತೆ ತಟ್ಟೆಯ ಅಂಚಿನಲ್ಲಿ ಕೂದಲೆಳೆಯಷ್ಟು ಸಂದು ಕಾಣುತ್ತದೆ. ಮುಂದಿನ ಹನ್ನೆರಡು ಹದಿಮೂರು ಡಿಗ್ರಿಯಲ್ಲಿ ಅದು ನಿಧಾನವಾಗಿ ಪೂರ್ತಿ ಬಾಯಿ ಬಿಡುತ್ತದೆ. ಚಿಕ್ಕಬಳ್ಳಾಪುರದ ಎತ್ತರದಲ್ಲಿ ನೀರು ಕುದಿಯುವುದು 97 ಡಿಗ್ರಿಯ ಸುಮಾರಿಗೆ, ಹಾಗಾಗಿ ಕುದಿ ಬರುವ ಹೊತ್ತಿಗೆ 82ರ ವಾಲ್ವ್ ಪೂರ್ತಿ ತೆರೆದಿರಬೇಕು, 88ರದು ಬಹುಪಾಲು ತೆರೆದಿರಬೇಕು. ತೆರೆಯಲಿಲ್ಲವೋ, ಕೆಟ್ಟಿದೆ, ಹೊಸದು ಹಾಕಿ. ತೆರೆಯಿತೋ, ನಿಮ್ಮ ಗಾಡಿಯ ಬಿಸಿಗೆ ಅದು ಕಾರಣವಲ್ಲ. ಆಗಲೂ ಅದನ್ನೇ ಕಿತ್ತೆಸೆದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ.

ಕಿತ್ತರೆ ಆಗುವುದೇನು? ಬಹಳಷ್ಟು ಡೀಸೆಲ್ ಎಂಜಿನ್‌ಗಳಲ್ಲಿ ಈ ವಾಲ್ವಿನ ಕೆಳಗಡೆ ಇನ್ನೊಂದು ಸಣ್ಣ ತಟ್ಟೆ ಇರುತ್ತದೆ. ಎಂಜಿನ್ ತಣ್ಣಗಿರುವಾಗ ನೀರು ರೇಡಿಯೇಟರ್‌ಗೆ ಹೋಗದೆ ಬೈಪಾಸ್ ದಾರಿಯಲ್ಲಿ ಎಂಜಿನ್ನಿಗೇ ವಾಪಸಾಗುತ್ತದೆ. ಬಿಸಿಯಾದಾಗ ಮೇಲಿನ ತಟ್ಟೆ ರೇಡಿಯೇಟರ್ ದಾರಿಯನ್ನು ತೆರೆಯುತ್ತದೆ, ಅದೇ ಹೊತ್ತಿಗೆ ಕೆಳಗಿನ ತಟ್ಟೆ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ವಾಲ್ವನ್ನೇ ಕಿತ್ತರೆ ಆ ಬೈಪಾಸ್ ಮುಚ್ಚುವವರೇ ಇಲ್ಲ. ಕುದಿಯುವ ನೀರಿನ ಒಂದು ಪಾಲು ರೇಡಿಯೇಟರಿನ ಮುಖವನ್ನೇ ನೋಡದೆ ಮತ್ತೆ ಎಂಜಿನ್ನಿಗೆ ಹೋಗುತ್ತದೆ. ಖಾಲಿ ಗಾಡಿಯಲ್ಲಿ ಇದು ಗೊತ್ತಾಗುವುದಿಲ್ಲ. ಲೋಡ್ ಹಾಕಿ ಕಣಿವೆ ಏರಿದ ದಿನ ಮೊದಲಿಗಿಂತ ಬೇಗ ಹೀಟ್ ಮೀಟರಿನ ಮುಳ್ಳು ಕೆಂಪಿಗೆ ಹೋಗುತ್ತದೆ. ತಣಿಸಲೆಂದು ಮಾಡಿದ ಕೆಲಸವೇ ಎಂಜಿನ್ನನ್ನು ಬೇಯಿಸುತ್ತದೆ.

ಲೋಡ್ ಇಲ್ಲದ ದಿನಗಳಲ್ಲಿ ಇದರ ತದ್ವಿರುದ್ಧ. ಎಂಜಿನ್ ಕಾಯುವುದೇ ಇಲ್ಲ. ಹೂವು ಹಾಕಿಕೊಂಡು ನಸುಕಿನಲ್ಲಿ ಬೆಂಗಳೂರಿಗೆ ಹೊರಟ ಗಾಡಿ ದೇವನಹಳ್ಳಿ ತಲುಪಿದರೂ ಮುಳ್ಳು ಕಾಲು ಭಾಗ ಏರಿರುವುದಿಲ್ಲ. ತಣ್ಣಗಿನ ಸಿಲಿಂಡರ್‌ನಲ್ಲಿ ಡೀಸೆಲ್ ಪೂರ್ತಿ ಉರಿಯದೆ ಗೋಡೆಗಂಟಿ ಎಂಜಿನ್ ಆಯಿಲ್‌ಗೆ ಇಳಿಯುತ್ತದೆ. ಆಯಿಲ್ ತೆಳುವಾಗುತ್ತದೆ, ರಿಂಗ್ ಸವೆಯುತ್ತದೆ, ಡೀಸೆಲ್ ಖರ್ಚು ಏರುತ್ತದೆ. 2020ರ ಏಪ್ರಿಲ್ ನಂತರದ ಬಿಎಸ್‌6 ಗಾಡಿಗಳಲ್ಲಿ ಇನ್ನೊಂದು ತೊಂದರೆ. ಡಿಪಿಎಫ್ ಫಿಲ್ಟರ್ ತನ್ನೊಳಗಿನ ಮಸಿಯನ್ನು ಸುಟ್ಟುಕೊಳ್ಳಬೇಕಾದರೆ ಎಂಜಿನ್ ಸಾಕಷ್ಟು ಕಾದಿರಬೇಕು. ಕಾಯದಿದ್ದರೆ ಫಿಲ್ಟರ್ ಕಟ್ಟುತ್ತದೆ, ಡ್ಯಾಶ್‌ಬೋರ್ಡಿನಲ್ಲಿ ದೀಪ ಹತ್ತುತ್ತದೆ, ಗಾಡಿ ಎಳೆಯುವುದನ್ನು ಬಿಡುತ್ತದೆ. ಕೆಲವು ನೂರು ರೂಪಾಯಿಯ ವಾಲ್ವ್ ಉಳಿಸಲು ಹೋಗಿ ಸಾವಿರಾರು ರೂಪಾಯಿಯ ಬಿಲ್.

ಹಾಗಾದರೆ ಬಿಸಿಗೆ ನಿಜವಾದ ಕಾರಣವೇನು? ನಮ್ಮ ಭಾಗದಲ್ಲಿ ಮೊದಲು ಸಂಶಯ ಪಡಬೇಕಾದ್ದು ನೀರನ್ನು. ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರು ಕಡೆ ಸಾವಿರ ಅಡಿ ದಾಟಿದ ಕೊಳವೆಬಾವಿಗಳ ಗಡಸು ನೀರು ಕುಡಿಯುವುದಕ್ಕೇ ಒಗ್ಗದು. ಪೆಟ್ರೋಲ್ ಬಂಕಿನಲ್ಲೋ ತೋಟದ ತೊಟ್ಟಿಯಲ್ಲೋ ಅದನ್ನೇ ಹಿಡಿದು ರೇಡಿಯೇಟರ್‌ಗೆ ಸುರಿಯುತ್ತೇವೆ. ನೀರು ಆವಿಯಾದಾಗ ಸುಣ್ಣ ಅಲ್ಲೇ ಉಳಿಯುತ್ತದೆ. ನಮ್ಮ ಮನೆಗಳ ಗೀಸರ್ ಒಳಗೆ ಕಟ್ಟುವ ಬಿಳಿ ಪದರವೇ ರೇಡಿಯೇಟರ್‌ನ ಸಣ್ಣ ಕೊಳವೆಗಳಲ್ಲೂ ಕಟ್ಟುತ್ತದೆ. ಅಲ್ಯೂಮಿನಿಯಂಗೆ ಹೋಲಿಸಿದರೆ ಈ ಸುಣ್ಣದ ಪದರ ಶಾಖ ಸಾಗಿಸುವುದು ಸುಮಾರು ನೂರನೇ ಒಂದು ಪಾಲು. ಕಾಗದದಷ್ಟು ತೆಳು ಪದರ ಸಾಕು, ರೇಡಿಯೇಟರ್ ಕೆಲಸ ಕುಂದುತ್ತದೆ. ಕೂಲಂಟಿಗೆ ಖರ್ಚು ಮಾಡಲು ಹಿಂಜರಿಯಬೇಡಿ. ಡಿಸ್ಟಿಲ್ಡ್ ನೀರಿನ ಜೊತೆ ಅರ್ಧಕ್ಕರ್ಧ ಬೆರೆಸಿದ ಕೂಲಂಟ್ ತುಕ್ಕು ತಡೆಯುತ್ತದೆ, ಕುದಿಯುವ ಹಂತವನ್ನೂ ಏರಿಸುತ್ತದೆ. ಅದರ ಮೇಲೆ ರೇಡಿಯೇಟರ್ ಮುಚ್ಚಳ ಒತ್ತಡ ಹಿಡಿದು ಆ ಹಂತವನ್ನು 120 ಡಿಗ್ರಿಯ ಆಚೆಗೂ ತಳ್ಳುತ್ತದೆ. 97 ಡಿಗ್ರಿಗೇ ನೀರು ಕುದಿಯುವ ಊರಿನಲ್ಲಿ ಆ ಮುಚ್ಚಳದ ರಬ್ಬರ್ ಸವೆದಿದ್ದರೆ ಏರಿನಲ್ಲಿ ನೀರು ಉಕ್ಕುವುದಕ್ಕೆ ಬೇರೆ ಕಾರಣವೇ ಬೇಡ. ಬಿಸಿಯಿರುವಾಗ ಮಾತ್ರ ಆ ಮುಚ್ಚಳಕ್ಕೆ ಕೈ ಹಾಕಬೇಡಿ. ಮುಖ, ಎದೆ ಸುಟ್ಟುಕೊಂಡ ಚಾಲಕರು, ಕ್ಲೀನರ್‌ಗಳು ನಮ್ಮ ಆಸ್ಪತ್ರೆಗಳಿಗೆ ಹೊಸಬರಲ್ಲ.

ಎರಡನೆಯದು ಒಕ್ಕಣೆ. ರಾಗಿ, ಹುರುಳಿ ಕೊಯ್ಲಿನ ಕಾಲಕ್ಕೆ ಹಳ್ಳಿ ರಸ್ತೆಗಳ ಮೇಲೆ ಪೈರು ಹರಡಿ ಓಡಾಡುವ ಗಾಡಿಗಳಿಂದಲೇ ತುಳಿಸುವ ರೂಢಿ ನಮ್ಮಲ್ಲಿದೆ. ಕಣ ಕಾಣೆಯಾದ ಮೇಲೆ ರೈತರು ಕಂಡುಕೊಂಡ ದಾರಿ ಅದು, ಅವರ ಕಷ್ಟ ಅರ್ಥವಾಗುತ್ತದೆ. ಆದರೆ ಆ ಹೊಟ್ಟು, ದೂಳು ಎಲ್ಲ ಎದುರು ಬಂದ ಗಾಡಿಯ ರೇಡಿಯೇಟರ್ ರೆಕ್ಕೆಗಳ ನಡುವೆ ಸೇರಿಕೊಳ್ಳುತ್ತದೆ. ಹುರುಳಿಯ ಬಳ್ಳಿ ಪ್ರೊಪೆಲ್ಲರ್ ಶಾಫ್ಟಿಗೆ ಸುತ್ತಿಕೊಂಡು, ಸೈಲೆನ್ಸರಿನ ಬಿಸಿಗೆ ತಾಗಿ ಗಾಡಿಗಳು ಹೊತ್ತಿ ಉರಿದದ್ದೂ ಉಂಟು. ಆ ಕಾಲದಲ್ಲಿ ವಾರಕ್ಕೊಮ್ಮೆ ಬಾನೆಟ್ ಎತ್ತಿ, ಎಂಜಿನ್ ಕಡೆಯಿಂದ ಹೊರಕ್ಕೆ ಮೆಲ್ಲನೆ ಗಾಳಿ ಊದಿಸಿ. ಸರ್ವಿಸ್ ಸ್ಟೇಷನ್ನಿನವರು ಜೋರು ನೀರನ್ನು ಹತ್ತಿರದಿಂದ ಬಿಟ್ಟರೆ ರೆಕ್ಕೆಗಳು ಬಾಗಿ ಗಾಳಿಯ ದಾರಿಯೇ ಮುಚ್ಚುತ್ತದೆ. ಗ್ರಿಲ್ ಮುಂದೆ ಕಟ್ಟಿದ ಬ್ಯಾನರ್, ಹೆಚ್ಚುವರಿ ಬಂಪರ್, ಆಯುಧಪೂಜೆ ಕಳೆದು ವಾರವಾದರೂ ಬಿಚ್ಚದ ಬಾಳೆಕಂದು, ಇವನ್ನೂ ತೆಗೆಯಿರಿ.

ಪತ್ತೆ ಹಚ್ಚುವ ಸುಲಭ ದಾರಿಯೊಂದಿದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಇನ್‌ಫ್ರಾರೆಡ್ ಥರ್ಮಾಮೀಟರ್ ಗನ್ ಒಂದನ್ನು ಗ್ಯಾರೇಜಿನವರು ಇಟ್ಟುಕೊಳ್ಳಲಿ. ಕೊರೊನಾ ಕಾಲದಲ್ಲಿ ಹಣೆಗೆ ಹಿಡಿದದ್ದಲ್ಲ, ಕಾರ್ಖಾನೆಯವರು ಬಳಸುವಂಥದ್ದು. ಗಾಡಿ ಬಿಸಿಯಾದಾಗ ರೇಡಿಯೇಟರ್‌ನ ಮೇಲಿನ ಪೈಪ್, ಕೆಳಗಿನ ಪೈಪ್ ಎರಡಕ್ಕೂ ಹಿಡಿದು ನೋಡಿ. ಎಂಜಿನ್ ಕುದಿಯುತ್ತಿದ್ದರೂ ರೇಡಿಯೇಟರ್ ತಣ್ಣಗಿದ್ದರೆ ವಾಲ್ವ್ ಸಿಕ್ಕಿಕೊಂಡಿದೆ. ಎರಡೂ ಪೈಪ್ ಹೆಚ್ಚುಕಡಿಮೆ ಒಂದೇ ಬಿಸಿಯಿದ್ದರೆ ಗಾಳಿ ಸಾಲುತ್ತಿಲ್ಲ. ಫ್ಯಾನು, ಬೆಲ್ಟು, ರೆಕ್ಕೆಗಳ ಕಸ ನೋಡಿ. ರೇಡಿಯೇಟರ್ ಮೈಯಲ್ಲಿ ಅಲ್ಲಲ್ಲಿ ತಣ್ಣಗಿನ ಪಟ್ಟೆ ಕಂಡರೆ ಆ ಕೊಳವೆಗಳು ಸುಣ್ಣದಿಂದ ಕಟ್ಟಿವೆ.

ಗೇರ್ ಆಯಿಲ್, ಹೌಸಿಂಗ್, ತೂಕ

ಕೂಲರ್ ಬೇಡ ಎಂದ ಮಾತ್ರಕ್ಕೆ ನಮ್ಮ ಗೇರ್‌ಬಾಕ್ಸನ್ನು ಮರೆಯಬೇಕೆಂದಿಲ್ಲ. ಎಂಜಿನ್ ಆಯಿಲ್ ತಪ್ಪದೆ ಬದಲಿಸುವವರೂ ಗೇರ್ ಆಯಿಲ್, ಹೌಸಿಂಗ್ ಆಯಿಲ್ ನೋಡುವುದು ಸೋರಿ ನೆಲಕ್ಕೆ ಬಿದ್ದಾಗ ಮಾತ್ರ. ಹಿಂದಿನ ಹೌಸಿಂಗ್‌ನಲ್ಲಿ ಕ್ರೌನ್, ಪಿನಿಯನ್ ಹಲ್ಲುಗಳು ಕಚ್ಚುತ್ತಲೇ ಒಂದರ ಮೇಲೊಂದು ಜಾರುತ್ತವೆ. ಅಲ್ಲಿ ಗೇರ್‌ಬಾಕ್ಸಿಗಿಂತ ಹೆಚ್ಚು ಬಿಸಿ. ಆ ಜಾರುವಿಕೆಯಿಂದಾಗುವ ಸವೆತ ತಡೆಯಲೆಂದೇ ಜಿಎಲ್-5 ದರ್ಜೆಯ ಎಣ್ಣೆಯಲ್ಲಿ ಗಂಧಕ, ರಂಜಕದ ರಾಸಾಯನಿಕಗಳನ್ನು ಹೆಚ್ಚು ಸೇರಿಸಿರುತ್ತಾರೆ. ಅದನ್ನೇ ತಂದು, ಜಿಎಲ್-4 ಬೇಡುವ ಗೇರ್‌ಬಾಕ್ಸಿಗೂ ಸುರಿದರೆ ಒಳಗಿನ ಹಿತ್ತಾಳೆಯ ಸಿಂಕ್ರೊ ರಿಂಗುಗಳು ಸವೆದು ಗೇರ್ ಕರಕರ ಎನ್ನತೊಡಗುತ್ತದೆ. ‘ಎರಡಕ್ಕೂ ಒಂದೇ ಆಯಿಲ್ ಸಾಕು’ ಎಂಬ ಮಾತನ್ನು ಗಾಡಿಯ ಜೊತೆ ಬಂದ ಪುಸ್ತಕ ನೋಡದೆ ಒಪ್ಪಬೇಡಿ. ಒಂದಿಷ್ಟು ಜಾಸ್ತಿ ಇರಲಿ ಎಂದು ಮಟ್ಟ ಮೀರಿ ತುಂಬಿಸುವುದೂ ತಪ್ಪು. ಹೆಚ್ಚಾದ ಎಣ್ಣೆಯನ್ನು ಗೇರುಗಳು ಕಡೆದು ಕಡೆದು ನೊರೆ ಮಾಡುತ್ತವೆ, ಬಿಸಿ ಏರುತ್ತದೆ. ಹೌಸಿಂಗ್ ಮೇಲಿನ ಸಣ್ಣ ಬ್ರೀದರ್ ಮಣ್ಣಿನಿಂದ ಮುಚ್ಚಿಹೋದರೆ ಒಳಗಿನ ಒತ್ತಡ ಹೊರಹೋಗಲು ದಾರಿಯಿಲ್ಲದೆ ಆಕ್ಸಲ್ ಸೀಲ್ ಬಿಡುತ್ತದೆ, ಎಣ್ಣೆ ಬ್ರೇಕ್ ಡ್ರಮ್ಮಿಗೆ ಇಳಿಯುತ್ತದೆ. ಲೋಡ್ ಗಾಡಿಯಲ್ಲಿ ಇದು ಜೀವಕ್ಕೇ ಅಪಾಯ. ಒಂದು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಆ ಬ್ರೀದರ್ ಉಜ್ಜುವುದು ಎರಡು ನಿಮಿಷದ ಕೆಲಸ.

ತೂಕದ ವಿಷಯ ಹೇಳದೆ ಈ ಮಾತು ಪೂರ್ತಿಯಾಗದು. ಶಿಡ್ಲಘಟ್ಟಕ್ಕೆ ಗೂಡು ತರುವ ಗಾಡಿ ತುಂಬಿ ತುಳುಕಿದಂತೆ ಕಂಡರೂ ಗೂಡು ಹಗುರ. ಅಂಥ ಗಾಡಿ ಬಿಸಿಯಾಗುವುದು ಕಡಿಮೆ. ಟೊಮೆಟೊ ಹಾಗಲ್ಲ. 15 ಕೆ.ಜಿ. ಬಾಕ್ಸಿನ ಲೆಕ್ಕದಲ್ಲಿ 1.7 ಟನ್ ಹೊರುವ ಗಾಡಿಗೆ ಹಣ್ಣೇ 113 ಬಾಕ್ಸ್ ಆಗುತ್ತದೆ, ಕ್ರೇಟಿನ ತೂಕ ಬೇರೆ. ಬೆಲೆ ಬಂದ ವಾರ ಅದರ ಮೇಲೆ ಇನ್ನೊಂದು ಸಾಲು, ಮತ್ತೊಂದು ಸಾಲು ಏರಿಸುವುದನ್ನು ಎಲ್ಲರೂ ನೋಡಿದ್ದೇವೆ. ತೂಕ ಅರ್ಧದಷ್ಟು ಹೆಚ್ಚಾದರೆ ಏರಿನಲ್ಲಿ ಹುಟ್ಟುವ ಶಾಖವೂ ಹೆಚ್ಚುಕಡಿಮೆ ಅಷ್ಟೇ ಪಾಲು ಹೆಚ್ಚುತ್ತದೆ, ರೇಡಿಯೇಟರ್ ಮಾತ್ರ ಅಷ್ಟೇ ಇರುತ್ತದೆ. ಏರು ಮುಗಿದ ತಕ್ಷಣ ಚಹಾ ಅಂಗಡಿ ಮುಂದೆ ಎಂಜಿನ್ ಆಫ್ ಮಾಡಬೇಡಿ. ಎರಡು ಮೂರು ನಿಮಿಷ ಖಾಲಿ ಓಡಲಿ. ನೀರು, ಎಣ್ಣೆ ಹರಿಯುತ್ತಾ ಒಳಗಿನ ಬಿಸಿಯನ್ನು ಹೊರಗೆ ತರುತ್ತವೆ, ಟರ್ಬೊ ಕೂಡ ಉಳಿಯುತ್ತದೆ.

ನಿಮ್ಮ ಗಾಡಿಯ ವಾಲ್ವ್ ಈಗಾಗಲೇ ಕಿತ್ತಿದ್ದರೆ ಬೇಸಿಗೆಗೆ ಮೊದಲು ಹೊಸದು ಹಾಕಿಸಿ. ಹಾಕುವ ಮುನ್ನ ರೇಡಿಯೇಟರ್ ತೊಳೆಸಿ, ಬೋರ್‌ವೆಲ್ ನೀರು ಚೆಲ್ಲಿ ಕೂಲಂಟ್ ತುಂಬಿಸಿ, ಮುಚ್ಚಳ ಬದಲಿಸಿ. ಮೆಕ್ಯಾನಿಕ್ ಅಣ್ಣಂದಿರಲ್ಲೂ ಒಂದು ಕೋರಿಕೆ: ಮುಂದಿನ ಸಲ ಗಾಡಿ ಹೀಟ್ ಆಗ್ತಿದೆ ಎಂದು ಬಂದವನ ವಾಲ್ವ್ ಬಿಚ್ಚಿದಾಗ ಅದನ್ನು ಬಿಸಿನೀರಿಗೆ ಹಾಕಿ, ಅವನ ಎದುರಿಗೇ ಪರೀಕ್ಷೆ ಮಾಡಿ ತೋರಿಸಿ.